ಸಣ್ಣ ಕಾರು ಘಾಟಿ ಹತ್ತುತ್ತಾ?

2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿಯಿತಲ್ಲ, ಆಮೇಲೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಪುಟ್ಟ ಕಾರಿನ ವಿಚಾರವೇ ಜಾಸ್ತಿ. ಸ್ಕೂಟರ್ ಬಿಟ್ಟು ಮೊದಲ ಕಾರು ತಗೊಳ್ಳುವವರು, ಮನೆಯಲ್ಲಿ ದೊಡ್ಡ ಗಾಡಿ ಇದ್ದೂ ಪೇಟೆಗೊಂದು ಸಣ್ಣದು ಬೇಕು ಅನ್ನುವವರು, ಮಗಳಿಗೆ ಕೊಡಿಸುವವರು, ಎಲ್ಲರೂ ಬರೆದಿದ್ದಾರೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಈ ಸಲ ಪೂರ್ತಿ ಅದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ಮನೆ ಗೋಪಾಳದಲ್ಲಿ. ಮಳೆಗಾಲದಲ್ಲಿ ಇಬ್ಬರು ಮಕ್ಕಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಓಡಾಡಿ ಸಾಕಾಗಿದೆ. ಆಲ್ಟೊ ಕೆ10 ಸಾಕು ಅಂತ ನಾನು. ತವರು ಹೆಬ್ರಿಯಲ್ಲಿದೆ, ಇಷ್ಟು ಸಣ್ಣ ಕಾರು ಆಗುಂಬೆ ಘಾಟಿ ಹತ್ತಲ್ಲ, ದೊಡ್ಡದೇ ತಗೊಳ್ಳೋಣ ಅಂತ ಯಜಮಾನರು. ಯಾರ ಮಾತು ಸರಿ?
— ಓದುಗರು, ಶಿವಮೊಗ್ಗ

ಉತ್ತರ: ಹತ್ತುತ್ತದೆ ಮೇಡಂ, ಆ ಭಯ ಬೇಡ. ಹೇಗೆ ಹತ್ತುತ್ತದೆ ಅನ್ನೋದು ಮಾತ್ರ ಒಳಗೆ ಏನು ತುಂಬಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ.

ಸ್ವಲ್ಪ ಲೆಕ್ಕ ನೋಡೋಣ. ಆಲ್ಟೊ ಕೆ10 ಖಾಲಿ ಇದ್ದಾಗ ಮುಕ್ಕಾಲು ಟನ್ ಆಸುಪಾಸು ತೂಗುತ್ತದೆ. ಎಂಜಿನ್ 998 ಸಿಸಿ, ಸುಮಾರು 66 ಅಶ್ವಶಕ್ತಿ. ಅಷ್ಟು ಹಗುರದ ಗಾಡಿಗೆ ಅದು ಚೆನ್ನಾಗಿಯೇ ಸಾಕು, ಒಬ್ಬರೋ ಇಬ್ಬರೋ ಇದ್ದರೆ ಚುರುಕಾಗಿ ಓಡುತ್ತದೆ. ಈಗ ನಾಲ್ಕು ಜನ ದೊಡ್ಡವರು ಕೂತರು ಅಂದುಕೊಳ್ಳಿ, 280 ಕೆಜಿ. ತವರಿನಿಂದ ಬರುವಾಗ ಬರಿಗೈಲಿ ಯಾರು ಬರ್ತಾರೆ, ಕುಚ್ಚಲಕ್ಕಿ, ತೆಂಗಿನಕಾಯಿ, ಒಂದು ಹಲಸಿನ ಹಣ್ಣು ಸೇರಿ ಇನ್ನೊಂದು 50 ಕೆಜಿ. ಒಟ್ಟು 330. ಈ ಕಾರಿಗೆ ಅದು ತನ್ನ ತೂಕದ ನಲವತ್ತು ಪರ್ಸೆಂಟಿಗಿಂತ ಜಾಸ್ತಿ. 1,600 ಕೆಜಿಯ ದೊಡ್ಡ ಗಾಡಿಗೆ ಅದೇ ಹೊರೆ ಇಪ್ಪತ್ತು ಪರ್ಸೆಂಟ್ ಅಷ್ಟೇ. ಹಾಗಾಗಿ ದೊಡ್ಡ ಗಾಡಿ ಓಡಿಸುವವರಿಗೆ ತುಂಬಿದ್ದಕ್ಕೂ ಖಾಲಿಗೂ ಅಂಥ ವ್ಯತ್ಯಾಸ ಗೊತ್ತಾಗಲ್ಲ, ಸಣ್ಣ ಕಾರಿನಲ್ಲಿ ಒಬ್ಬರು ಇಳಿದರೂ ಗೊತ್ತಾಗುತ್ತದೆ. ನಿಮ್ಮ ಯಜಮಾನರು ಹೇಳುತ್ತಿರುವುದು ಈ ಅನುಭವವನ್ನೇ ಇರಬಹುದು.

ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವುಗಳು. ಘಾಟಿಯ ಬುಡದ ಸೋಮೇಶ್ವರದ ಕಡೆಯಿಂದ ತುಂಬಿದ ಕಾರು ಹತ್ತಿಸುವಾಗ ಬಹಳ ಜನ ಮಾಡುವ ತಪ್ಪು ಒಂದೇ. ಎಂಜಿನ್ ಕೂಗುತ್ತದೆ ಅಂತ ಹೆದರಿ ಬೇಗ ಮೇಲಿನ ಗೇರಿಗೆ ಹಾಕುತ್ತಾರೆ, ಆಗ ಕಾರು ಉಸಿರು ಕಟ್ಟಿದ ಹಾಗೆ ಅದುರುತ್ತದೆ, ತಿರುವಿನ ಮಧ್ಯೆ ನಿಂತೇಬಿಡುತ್ತದೆ. ಈ ಎಂಜಿನ್ನಿನ ಪೂರ್ತಿ ಎಳೆತ ಸಿಗುವುದು 3,500 ಆರ್‌ಪಿಎಂ, ಅಂದರೆ ನಿಮಿಷಕ್ಕೆ 3,500 ಸುತ್ತು ತಿರುಗುವ ವೇಗದ ಹತ್ತಿರ. ಅಂದರೆ ಅದು ಗುಂಯ್ ಅಂತ ಕೂಗಿದರೇ ಸರಿ. ತಿರುವಿಗೆ ಬರುವ ಮುಂಚೆಯೇ ಎರಡನೇ ಗೇರಿಗೆ ಬನ್ನಿ, ಮುಂದೆ ಬಸ್ಸೋ ಟೆಂಪೋನೋ ನಿಧಾನ ಮಾಡಿದರೆ ಮೊದಲನೆಯದಕ್ಕೆ. ಮುಂದಿನ ಗಾಡಿಗೆ ಅಂಟಿಕೊಂಡು ಹೋಗಬೇಡಿ, ಓಟ ನಿಲ್ಲದಷ್ಟು ಜಾಗ ಬಿಡಿ. ಏರು ಜೋರಿದ್ದ ಕಡೆ ಎರಡು ನಿಮಿಷ ಎಸಿ ಆಫ್ ಮಾಡಿ, ಸಣ್ಣ ಎಂಜಿನ್ನಿಗೆ ಆ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಗುತ್ತದೆ. ಇನ್ನೊಂದು, ಘಾಟಿಯಲ್ಲಿ ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು ಅನ್ನುವುದು ನಿಯಮವೇ ಇದೆ, ಹತ್ತುವಾಗ ಸಂಕೋಚದಿಂದ ಅಂಚಿಗೆ ಹೋಗಿ ನಿಲ್ಲಬೇಡಿ.

ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಿರಿ. ಪೆಟ್ರೋಲ್ ಉಳಿಯುತ್ತದೆ ಅಂತ ನ್ಯೂಟ್ರಲ್ ಮಾಡಿ ಬಿಡುವವರನ್ನು ಈಗಲೂ ನೋಡುತ್ತೇನೆ, ನನಗೆ ನಿಜಕ್ಕೂ ಸಂಕಟವಾಗುತ್ತದೆ. ಹಾಗೆ ಬಿಟ್ಟರೆ ಅಷ್ಟೂ ಭಾರ ಬ್ರೇಕಿನ ಮೇಲೇ. ಬ್ರೇಕ್ ಕಾದರೆ ಹಿಡಿಯಲ್ಲ. ಎಂಜಿನ್ನೇ ಆಫ್ ಮಾಡಿದರೆ ಬ್ರೇಕ್ ಪೆಡಲ್ ಕಲ್ಲಾಗುತ್ತದೆ, ಪವರ್ ಸ್ಟೀರಿಂಗೂ ಹೋಗುತ್ತದೆ.

ಇದೆಲ್ಲ ವರ್ಷದಲ್ಲಿ ಕೆಲವೇ ಸಲದ ಮಾತು. ದಿನಾ ನಿಮಗೆ ಬೇಕಾಗಿರುವುದು ಶಾಲೆ, ಗಾಂಧಿ ಬಜಾರ್, ದುರ್ಗಿಗುಡಿ, ಮಕ್ಕಳ ಟ್ಯೂಷನ್. ಅಲ್ಲಿ ಈ ಕಾರಿನ ಮುಂದೆ ಯಾವುದೂ ಇಲ್ಲ. ಉದ್ದ 3.53 ಮೀಟರ್, ಅಗಲ ಒಂದೂವರೆ ಮೀಟರಿಗಿಂತ ಒಂದಿಷ್ಟು ಕಮ್ಮಿ. ದೊಡ್ಡ ಗಾಡಿಯವರು ಬಜಾರಿನಲ್ಲಿ ಜಾಗಕ್ಕೆ ಎರಡು ಸುತ್ತು ಹೊಡೆಯುವಾಗ ನೀವು ಎರಡು ಬೈಕಿನ ಪಕ್ಕದ ಸಂದಿಯಲ್ಲಿ ನಿಲ್ಲಿಸಿ ತರಕಾರಿ ತಂದಿರುತ್ತೀರಿ. ಸ್ಕೂಟರಿನಿಂದ ಕಾರಿಗೆ ಬರುವವರಿಗೆ ನಾಲ್ಕೂ ಮೂಲೆ ಎಲ್ಲಿದೆ ಅಂತ ಕೂತಲ್ಲೇ ಅಂದಾಜು ಸಿಗುವುದು ದೊಡ್ಡ ಸಮಾಧಾನ.

ನನ್ನ ಪ್ರಕಾರ ನಿಮ್ಮ ಮಾತೇ ಸರಿ. ಹೆಬ್ರಿಯಿಂದ ಬರುವಾಗ ಅಕ್ಕಿ ಮೂಟೆಯನ್ನು ಮಾತ್ರ ಬಸ್ಸಿಗೆ ಹಾಕಿಸಿ.

ಪ್ರಶ್ನೆ: ಹೊಸನಗರದ ಹತ್ತಿರ ನಮ್ಮ ತೋಟ, ಮನೆ. ಟಾರ್ ರಸ್ತೆಯಿಂದ ಅಂಗಳಕ್ಕೆ ಮಣ್ಣಿನ ಏರು. ಬೇಸಿಗೆಯಲ್ಲಿ ಸಣ್ಣ ಕಾರು ಆರಾಮಾಗಿ ಹತ್ತುತ್ತದೆ, ಜಡಿಮಳೆ ಹಿಡಿದ ಮೇಲೆ ಮುಂದಿನ ಚಕ್ರ ಸುಮ್ನೆ ಗಿರ್ರನೆ ತಿರುಗುತ್ತದೆ, ಕಾರು ನಿಂತಲ್ಲೇ. ಹಿಂದೆ ಭಾರ ಹಾಕಿದರೆ ಹಿಡಿತ ಬರುತ್ತದೆ ಅಂತ ಯಾರೋ ಹೇಳಿದರು, ಎರಡು ಚೀಲ ಅಡಿಕೆ ಇಟ್ಟು ನೋಡಿದೆ, ಇನ್ನೂ ಕೆಟ್ಟಿತು. ಜೀಪೇ ಗತಿಯಾ?
— ಅಡಿಕೆ ಬೆಳೆಗಾರರು, ಹೊಸನಗರ ತಾಲ್ಲೂಕು

ಉತ್ತರ: ಕೆಡಲೇಬೇಕು. ಹಿಂದೆ ಭಾರ ಹಾಕುವ ಉಪಾಯ ಹಿಂದಿನ ಚಕ್ರ ತಳ್ಳುವ ಗಾಡಿಗೆ, ಜೀಪಿಗೆ, ಹಳೇ ಅಂಬಾಸಡರ್‌ಗೆ. ಆಲ್ಟೊ, ಕ್ವಿಡ್, ಎಸ್-ಪ್ರೆಸ್ಸೊ, ವ್ಯಾಗನ್ ಆರ್ ಎಲ್ಲದರಲ್ಲೂ ಎಳೆಯುವುದು ಮುಂದಿನ ಚಕ್ರ. ಸಮತಟ್ಟು ಜಾಗದಲ್ಲಿ ಖಾಲಿ ಕಾರಿನ ಅರ್ಧಕ್ಕಿಂತ ಜಾಸ್ತಿ ಭಾರ ಮುಂದೆ ಇರುತ್ತದೆ, ಎಂಜಿನ್ ಅಲ್ಲೇ ಇದೆಯಲ್ಲ. ಏರಿನಲ್ಲಿ ಮೂತಿ ಮೇಲಾದ ತಕ್ಷಣ ಆ ಭಾರ ಹಿಂದಕ್ಕೆ ವಾಲುತ್ತದೆ. ಡಿಕ್ಕಿಯಲ್ಲಿ ಅಡಿಕೆ ಚೀಲ ಇಟ್ಟರೆ ಇನ್ನಷ್ಟು ವಾಲುತ್ತದೆ, ಮುಂದಿನ ಚಕ್ರ ನೆಲಕ್ಕೆ ಒತ್ತುವುದೇ ಕಮ್ಮಿಯಾಗುತ್ತದೆ. ಒತ್ತದ ಚಕ್ರ ತಿರುಗುತ್ತದೆ, ಎಳೆಯಲ್ಲ.

ಮಾಡಬೇಕಾದ್ದು ಅದರ ಉಲ್ಟಾ. ಚೀಲಗಳನ್ನು ಇಳಿಸಿ, ಹಿಂದೆ ಕೂತವರನ್ನೂ ಇಳಿಸಿ. ಮುಂದಿನ ಸೀಟಿನಲ್ಲಿ ಒಬ್ಬರು ಇರಲಿ. ಕೆಳಗಿನಿಂದಲೇ ಮೊದಲನೇ ಗೇರಿನಲ್ಲಿ, ಜಾಗ ಸರಿ ಇದ್ದರೆ ಎರಡನೆಯದರಲ್ಲಿ, ಒಂದೇ ಸಮನಾದ ಓಟದಲ್ಲಿ ಬನ್ನಿ. ಮಧ್ಯೆ ಆಕ್ಸಿಲರೇಟರ್ ಒತ್ತಿ ಬಿಟ್ಟು ಮಾಡಬೇಡಿ. ಚಕ್ರ ಜಾರಲು ಶುರುವಾದರೆ ಕಾಲು ಸ್ವಲ್ಪ ತೆಗೆಯಿರಿ, ಜೋರಾಗಿ ಒತ್ತಿದರೆ ಚಕ್ರ ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತದೆ. ಸ್ಟೀರಿಂಗನ್ನು ನಿಧಾನಕ್ಕೆ ಆ ಕಡೆ ಈ ಕಡೆ ಸ್ವಲ್ಪ ಅಲ್ಲಾಡಿಸಿದರೆ ಟೈರಿನ ಅಂಚು ಗಟ್ಟಿ ಮಣ್ಣು ಹುಡುಕಿಕೊಳ್ಳುವುದೂ ಉಂಟು.

ಇದಕ್ಕೂ ಬಗ್ಗದಿದ್ದರೆ ಕಾರನ್ನು ಕೆಳಗೇ ತಿರುಗಿಸಿ, ರಿವರ್ಸಿನಲ್ಲಿ ಹತ್ತಿಸಿ. ಕೇಳಲು ವಿಚಿತ್ರ ಅನ್ನಿಸಬಹುದು. ಹಿಮ್ಮುಖ ಹತ್ತುವಾಗ ಎಂಜಿನ್ ಇರುವ ತುದಿ ಇಳಿಜಾರಿನ ಕೆಳಗಿರುತ್ತದೆ, ಅಷ್ಟೂ ಭಾರ ಎಳೆಯುವ ಚಕ್ರದ ಮೇಲೇ ಕೂರುತ್ತದೆ. ಮುಂದಕ್ಕೆ ಹತ್ತದ ಏರನ್ನು ಅದೇ ಕಾರು ಹಿಂದಕ್ಕೆ ಹತ್ತುತ್ತದೆ. ಅಂಚಿನಲ್ಲಿ ಒಬ್ಬರು ನಿಂತು ದಾರಿ ಹೇಳಲಿ, ಮಕ್ಕಳು, ನಾಯಿ ಹಿಂದೆ ಇಲ್ಲ ಅಂತ ಮೊದಲು ನೋಡಿಕೊಳ್ಳಿ.

ಶಾಶ್ವತ ಪರಿಹಾರ ಬೇಕು ಅಂದರೆ ಇಡೀ ಏರಿಗೆ ಕಾಂಕ್ರೀಟ್ ಹಾಕಬೇಕಿಲ್ಲ. ಚಕ್ರ ಓಡುವ ಎರಡು ಪಟ್ಟಿಗೆ ಮಾತ್ರ ಒರಟು ಕಾಂಕ್ರೀಟ್, ಇಲ್ಲವೇ ಜಂಬಿಟ್ಟಿಗೆ ಕಲ್ಲು ಹಾಸಿ. ಕಲ್ಲಿನ ಮೇಲೆ ಪಾಚಿ ಕಟ್ಟುತ್ತದೆ, ಮಳೆಗಾಲದ ಮಧ್ಯೆ ಒಮ್ಮೆ ಉಜ್ಜಿ ತೆಗೆಯಲೇಬೇಕು, ಇಲ್ಲದಿದ್ದರೆ ಮಣ್ಣೇ ವಾಸಿ ಅನ್ನುವಷ್ಟು ಜಾರುತ್ತದೆ. ಏರಿನ ಮೇಲ್ತುದಿಯಲ್ಲಿ ಅಡ್ಡಕ್ಕೊಂದು ಕಾಲುವೆ ತೆಗೆದು ಅಂಗಳದ ನೀರನ್ನು ಪಕ್ಕಕ್ಕೆ ತಿರುಗಿಸಿ.

ಟೈರ್ ವಿಚಾರ. ಕಾನೂನು 1.6 ಮಿಲಿಮೀಟರ್ ಹಲ್ಲು ಉಳಿದಿದ್ದರೆ ಸಾಕು ಅನ್ನುತ್ತದೆ. ನಮ್ಮ ಕಡೆಯ ಮಳೆಗೆ ಅದು ಸಾಲದು, 3 ಮಿಲಿಮೀಟರಿಗೆ ಬಂದರೆ ಬದಲಿಸಿ, ಅದೂ ಮೇ ತಿಂಗಳೊಳಗೆ.

ಜೀಪೇ ಬೇಕು ಅಂತ ಇಲ್ಲ. ಹೊಸದು ತಗೊಳ್ಳುವ ಯೋಚನೆ ಇದ್ದರೆ ನೆಲದಿಂದ ಎತ್ತರ ನೋಡಿ. ಆಲ್ಟೊ ಕೆ10 167 ಮಿಲಿಮೀಟರ್, ಎಸ್-ಪ್ರೆಸ್ಸೊ 180, ಕ್ವಿಡ್ 184. ಹದಿನೇಳು ಮಿಲಿಮೀಟರ್ ಅಂದರೆ ಬೆರಳಿನ ಅಗಲ. ಆದರೆ ಮಣ್ಣು ರಸ್ತೆಯಲ್ಲಿ ಲಾರಿ ಚಕ್ರದ ಹಾದಿಗಳ ಮಧ್ಯೆ ಎದ್ದಿರುವ ಗುಡ್ಡೆ ಕಾರಿನ ಹೊಟ್ಟೆಗೆ ತಾಗುತ್ತಾ ಇಲ್ವಾ ಅನ್ನುವುದನ್ನು ಆ ಬೆರಳಗಲವೇ ತೀರ್ಮಾನ ಮಾಡುತ್ತದೆ. ಜನ ತುಂಬಿದಾಗ ಈ ಎತ್ತರವೂ ತಗ್ಗುತ್ತದೆ ಅನ್ನೋದು ನೆನಪಿರಲಿ.

ಪ್ರಶ್ನೆ: ಮಗ ಬೆಂಗಳೂರಿನಲ್ಲಿದ್ದಾನೆ. ಸಣ್ಣ ಕಾರು ಅಂದರೆ ತಗಡಿನ ಡಬ್ಬ, ಅಪ್ಪ ಅಮ್ಮ ಅದರಲ್ಲಿ ಓಡಾಡುವುದು ಬೇಡ ಅನ್ನುತ್ತಾನೆ. ನಮಗೆ ಇಬ್ಬರಿಗೇ ಓಡಾಡಲು ಸಣ್ಣದು ಸಾಕು. ಅಷ್ಟು ಅಪಾಯವಾ?
— ನಿವೃತ್ತ ನೌಕರರು, ತೀರ್ಥಹಳ್ಳಿ

ಉತ್ತರ: ಮಗನ ಕಾಳಜಿಯನ್ನು ತಳ್ಳಿಹಾಕಬೇಡಿ. ಕಾರನ್ನು ಗುದ್ದಿಸಿ ನೋಡಿ ಐದಕ್ಕೆ ಇಷ್ಟು ಸ್ಟಾರ್ ಅಂತ ಕೊಡುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ 2016ರಲ್ಲಿ ಕ್ವಿಡ್‌ಗೆ ಸೊನ್ನೆ ಸ್ಟಾರ್ ಬಂತು. 2023ರಲ್ಲಿ ಆಲ್ಟೊ ಕೆ10ಗೆ ದೊಡ್ಡವರ ರಕ್ಷಣೆಯಲ್ಲಿ ಎರಡು, ಮಕ್ಕಳ ರಕ್ಷಣೆಯಲ್ಲಿ ಸೊನ್ನೆ. ವ್ಯಾಗನ್ ಆರ್‌ಗೆ ಒಂದು. ಇವಕ್ಕಿಂತ ಸ್ವಲ್ಪ ದೊಡ್ಡದಾದ ಟಿಯಾಗೊ 2020ರಲ್ಲೇ ನಾಲ್ಕು ಸ್ಟಾರ್ ತೆಗೆದುಕೊಂಡಿತ್ತು. ಅಂದರೆ ಸಣ್ಣದಾದ ಮಾತ್ರಕ್ಕೆ ದುರ್ಬಲ ಆಗಿರಲೇಬೇಕು ಅಂತ ಇಲ್ಲ, ಎಷ್ಟು ಗಟ್ಟಿ ಮಾಡಿದ್ದಾರೆ ಅನ್ನುವುದು ಮುಖ್ಯ.

ಆಮೇಲೆ ಕೆಲವು ಸುಧಾರಿಸಿವೆ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದ ಹಾಗೆ ನೋಡಿಕೊಳ್ಳುವ ಎಬಿಎಸ್ 2019ರಿಂದ ಎಲ್ಲ ಹೊಸ ಕಾರಿಗೂ ಕಡ್ಡಾಯ. ಆಲ್ಟೊ ಕೆ10ಗೆ 2025ರಲ್ಲಿ ಎಲ್ಲ ಮಾದರಿಗೂ ಆರು ಏರ್‌ಬ್ಯಾಗ್ ಬಂತು, 2023ರ ಆ ಪರೀಕ್ಷೆಯ ಕಾರಿನಲ್ಲಿ ಇದ್ದದ್ದು ಎರಡೇ. 2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಕೂಡ ಇದೆ. ಶೋರೂಮಿನಲ್ಲಿ ಕೂತಾಗ ಬಣ್ಣ, ಟಚ್ ಸ್ಕ್ರೀನ್ ಕೇಳುವ ಮುಂಚೆ ಈ ಕಾರಿಗೆ ಎಷ್ಟು ಸ್ಟಾರ್, ಯಾವ ವರ್ಷದ ಪರೀಕ್ಷೆ ಅಂತ ಕೇಳಿ.

ಆದರೂ ಒಂದು ಮಾತನ್ನು ಮುಚ್ಚಿಡಬಾರದು. ಮುಕ್ಕಾಲು ಟನ್ನಿನ ಕಾರು ಮತ್ತು ಎದುರಿನಿಂದ ಬರುವ ತುಂಬಿದ ಲಾರಿ ಗುದ್ದಿಕೊಂಡರೆ ಏರ್‌ಬ್ಯಾಗ್ ಎಷ್ಟಿದ್ದರೂ ಹಗುರವಾದ್ದಕ್ಕೇ ಪೆಟ್ಟು ಜಾಸ್ತಿ. ಹಾಗಾಗಿ ಸಣ್ಣ ಕಾರಿನಲ್ಲಿ ಹೈವೇ ಮೇಲೆ ಓವರ್‌ಟೇಕ್ ಲೆಕ್ಕವೇ ಬೇರೆ ಇರಬೇಕು. ತೀರ್ಥಹಳ್ಳಿ–ಶಿವಮೊಗ್ಗ ರಸ್ತೆಯಲ್ಲಿ ಮಂಡಗದ್ದೆ ಆಸುಪಾಸು ಮರಗಳ ಮಧ್ಯೆ ತಿರುವು ಜಾಸ್ತಿ, ಎದುರಿನದು ಕಾಣುವುದು ಕೊನೇ ಗಳಿಗೆಯಲ್ಲಿ. ಒಂದು ಲೀಟರ್ ಎಂಜಿನ್ನಿಗೆ ಲಾರಿ ದಾಟಲು ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ದೂರ ಬೇಕು. ಬಸ್ಸು ರಭಸದಿಂದ ಎದುರು ಹಾದುಹೋದಾಗ ಗಾಳಿಗೆ ಕಾರು ಒಂದು ಕಡೆಗೆ ಸರಿದ ಹಾಗಾಗುತ್ತದೆ, ಆಗ ಸ್ಟೀರಿಂಗ್ ಎರಡೂ ಕೈಯಲ್ಲಿರಲಿ. ನೀವಿಬ್ಬರೇ, ತೀರ್ಥಹಳ್ಳಿ ಪೇಟೆ, ಆಗೊಮ್ಮೆ ಶಿವಮೊಗ್ಗ ಆಸ್ಪತ್ರೆ, ಗಂಟೆಗೆ 60ರ ಒಳಗೆ ಅಂದರೆ ಧೈರ್ಯವಾಗಿ ತಗೊಳ್ಳಿ. ತಿಂಗಳಿಗೆ ನಾಲ್ಕು ಸಲ ಬೆಂಗಳೂರಿಗೆ ರಾತ್ರಿ ಓಡಿಸುವುದಾದರೆ ನಾನೂ ಮಗನ ಪಕ್ಷವೇ.

ಮೊಮ್ಮಕ್ಕಳು ಬಂದಾಗ ಮಡಿಲಲ್ಲಿ ಕೂರಿಸಿಕೊಳ್ಳಬೇಡಿ. ಮಕ್ಕಳು ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲೇ ಇರಬೇಕು, ಹಿಂದೆ ಕೂತ ದೊಡ್ಡವರಿಗೂ ಬೆಲ್ಟ್ ಬೇಕು, ಇಲ್ಲದಿದ್ದರೆ ಸಾವಿರ ರೂಪಾಯಿ ದಂಡ. ದಂಡ ಬಿಡಿ, ಬೆಲ್ಟ್ ಹಾಕದೆ ಹಿಂದೆ ಕೂತವರು ಗುದ್ದಿದಾಗ ಮುಂದಿನ ಸೀಟಿನವರ ಮೇಲೇ ಬಂದು ಬೀಳುತ್ತಾರೆ.

ಪ್ರಶ್ನೆ: ನನಗೆ ಎಡಮಂಡಿ ನೋವು, ಕ್ಲಚ್ ಒತ್ತಲು ಆಗಲ್ಲ. ಸಣ್ಣ ಕಾರಿನಲ್ಲಿ ಆಟೋಮ್ಯಾಟಿಕ್ ಬರುತ್ತದಲ್ಲ, ನಮ್ಮ ಸಾಗರದ ಏರು ತಗ್ಗಿಗೆ ಆಗುತ್ತಾ?
— ಓದುಗರು, ಸಾಗರ

ಉತ್ತರ: ಆಗುತ್ತದೆ, ಆದರೆ ಅದರ ಸ್ವಭಾವ ಗೊತ್ತಿರಬೇಕು. ಸಣ್ಣ ಕಾರಿನಲ್ಲಿ ಬರುವುದು ಎಎಂಟಿ. ನಮ್ಮ ದೇಶಕ್ಕೆ 2014ರಲ್ಲಿ ಸೆಲೆರಿಯೊ ಕಾರಿನ ಮೂಲಕ ಬಂತು. ಒಳಗಿರುವುದು ಮಾಮೂಲಿ ಗೇರ್‌ಬಾಕ್ಸೇ, ಮಾಮೂಲಿ ಕ್ಲಚ್ಚೇ. ಕ್ಲಚ್ ಒತ್ತಿ ಗೇರ್ ಹಾಕುವ ಕೆಲಸ ಮಾತ್ರ ಯಂತ್ರದ್ದು. ಅದಕ್ಕೇ ಗೇರ್ ಬದಲಾಗುವಾಗ ತಲೆ ಸ್ವಲ್ಪ ಮುಂದಕ್ಕೆ ವಾಲುತ್ತದೆ, ರಿಪೇರಿಯಲ್ಲ, ಅದು ಇರುವುದೇ ಹಾಗೆ.

ಏರಿನಲ್ಲಿ ನಿಂತಾಗ ಆಕ್ಸಿಲರೇಟರ್ ಒತ್ತಿ ಕಾರನ್ನು ಹಿಡಿದು ನಿಲ್ಲಿಸುವ ಅಭ್ಯಾಸ ಬೇಡವೇ ಬೇಡ, ಒಳಗೆ ಕ್ಲಚ್ ಪ್ಲೇಟ್ ಉಜ್ಜಿ ಕಾಯುತ್ತದೆ, ಸುಟ್ಟ ವಾಸನೆ ಬರುತ್ತದೆ. ಬ್ರೇಕಿನಲ್ಲೇ ನಿಲ್ಲಿ. ಹಿಲ್ ಹೋಲ್ಡ್, ಅಂದರೆ ಏರಿನಲ್ಲಿ ಬ್ರೇಕ್ ಬಿಟ್ಟ ಮೇಲೂ ಒಂದು ಗಳಿಗೆ ಕಾರು ಹಿಂದಕ್ಕೆ ಜಾರದಂತೆ ಹಿಡಿಯುವ ವ್ಯವಸ್ಥೆ ಇರುವ ಮಾದರಿ ಸಿಕ್ಕರೆ ಅದನ್ನೇ ಆರಿಸಿ. ಇಲ್ಲದಿದ್ದರೆ ಹ್ಯಾಂಡ್‌ಬ್ರೇಕ್ ಎಳೆದು, ಆಕ್ಸಿಲರೇಟರ್ ಕೊಟ್ಟು, ಕಾರು ಎಳೆಯಲು ಶುರುವಾದ ಮೇಲೆ ಹ್ಯಾಂಡ್‌ಬ್ರೇಕ್ ಬಿಡಿ. ಘಾಟಿಯಲ್ಲಿ ತಾನೇ ಗೇರ್ ಬದಲಿಸುವ ಡಿ ಬಿಟ್ಟು ನೀವೇ ಬದಲಿಸುವ ಎಂ ಹಾಕಿ, ಗೇರನ್ನು ನೀವೇ ಹಿಡಿದಿಡಿ. ಡಿಯಲ್ಲೇ ಬಿಟ್ಟರೆ ತಿರುವಿನ ಮಧ್ಯೆ ಅದು ಮೂರಕ್ಕೋ ಎರಡಕ್ಕೋ ಅಂತ ಯೋಚನೆ ಮಾಡುತ್ತಾ ಓಟ ಕಳೆದುಕೊಳ್ಳುತ್ತದೆ. ಸಿಗಂದೂರಿಗೆ ಈಗ ಲಾಂಚ್ ಕಾಯಬೇಕಿಲ್ಲ, 2025ರ ಜುಲೈನಲ್ಲಿ ಸೇತುವೆ ಆಯಿತಲ್ಲ. ಆ ದಾರಿಯಲ್ಲಿ ಒಂದು ಬೆಳಗ್ಗೆ ಎಂ ಮೋಡಿನಲ್ಲಿ ಓಡಿಸಿ ಅಭ್ಯಾಸ ಮಾಡಿಕೊಳ್ಳಿ.

ಪ್ರಶ್ನೆ: ವಿನೋಬನಗರದಲ್ಲಿ ಸ್ವಂತ ಮನೆ, ಇಬ್ಬರೂ ಊರಲ್ಲೇ ಕೆಲಸ. ಎಂಜಿ ಕಾಮೆಟ್ ಎಲೆಕ್ಟ್ರಿಕ್ ಕಾರು ನೋಡಿದೆವು. ಮುದ್ದಾಗಿದೆ. ಮಲೆನಾಡಿಗೆ ಆಗಿಬರುತ್ತಾ?
— ದಂಪತಿ, ಶಿವಮೊಗ್ಗ

ಉತ್ತರ: ಊರೊಳಗೆ ಚಿನ್ನದಂಥ ಗಾಡಿ. ಉದ್ದ ಮೂರು ಮೀಟರೂ ಇಲ್ಲ, 2.97. ನಾಲ್ಕು ಸೀಟು, ಎರಡೇ ಬಾಗಿಲು. ಹಿಂದೆ ಜನ ಕೂತರೆ ಸಾಮಾನಿಗೆ ಜಾಗ ಇಲ್ಲ. ಬ್ಯಾಟರಿ 17.3 ಯೂನಿಟ್, ಕಂಪನಿ ಹೇಳುವುದು 230 ಕಿಲೋಮೀಟರ್, ಅಷ್ಟನ್ನು ನಂಬಿ ಹೊರಡಬೇಡಿ.

ಏರು ಎಷ್ಟು ಚಾರ್ಜ್ ತಿನ್ನುತ್ತದೆ ಅಂತ ಬಹಳ ಜನ ಕೇಳುತ್ತಾರೆ. ಇಬ್ಬರು ಮೂವರು ಕೂತು 1,100 ಕೆಜಿ ಆದ ಕಾರನ್ನು ನೇರ 500 ಮೀಟರ್ ಎತ್ತಲು ಒಂದೂವರೆ ಯೂನಿಟ್ ಬೇಕು, ಮೋಟಾರಿನಲ್ಲಿ ನಷ್ಟವಾಗುವುದು ಸೇರಿದರೆ ಸುಮಾರು ಎರಡು. ಅಂದರೆ ಅಷ್ಟು ಎತ್ತರದ ಘಾಟಿ ಹತ್ತಲು ಬ್ಯಾಟರಿಯ ಎಂಟು ಹತ್ತರಲ್ಲೊಂದು ಭಾಗ, ಮಾಮೂಲಿ ಓಟದ ಖರ್ಚಿನ ಮೇಲೆ. ಇಳಿಯುವಾಗ ಅದರಲ್ಲಿ ಒಂದು ಪಾಲು ವಾಪಸ್ ಬರುತ್ತದೆ, ಪೂರ್ತಿ ಬರಲ್ಲ. ಎಳೆತಕ್ಕೆ ಕೊರತೆ ಇಲ್ಲ, ಎಲೆಕ್ಟ್ರಿಕ್ ಮೋಟಾರ್ ನಿಂತಲ್ಲಿಂದಲೇ ಎಳೆಯುತ್ತದೆ. ಏರಿನಲ್ಲಿ ಪೆಟ್ರೋಲ್ ಸಣ್ಣ ಕಾರು ಕೂಗಾಡುವ ಕಡೆ ಇದು ಸದ್ದಿಲ್ಲದೆ ಹೋಗುತ್ತದೆ. ತೀರ್ಥಹಳ್ಳಿಗೆ ಹೋಗಿ ಬರಬಹುದು. ಉಡುಪಿಗೆ ಹೋಗಿ ಅದೇ ದಿನ ಬರುವ ಗಾಡಿ ಇದಲ್ಲ. ಪುಟ್ಟ 12 ಇಂಚಿನ ಚಕ್ರ ಇರುವುದರಿಂದ ಮಳೆಗಾಲದ ಹೊಂಡಗಳಲ್ಲಿ ಸೊಂಟಕ್ಕೂ ಗೊತ್ತಾಗುತ್ತದೆ.

ಮನೆಯಲ್ಲಿ 3.3 ಕಿಲೋವ್ಯಾಟ್ ಚಾರ್ಜರಿನಲ್ಲಿ ಸೊನ್ನೆಯಿಂದ ಪೂರ್ತಿಗೆ ಏಳು ಗಂಟೆ. ಗೀಸರ್, ಪಂಪು ಜೊತೆಗೆ ಇದನ್ನೂ ಹಾಕಿದರೆ ನಿಮ್ಮ ಮನೆಗೆ ಮೆಸ್ಕಾಂ ಮಂಜೂರು ಮಾಡಿದ ವಿದ್ಯುತ್ ಮಿತಿ (ಸ್ಯಾಂಕ್ಷನ್ ಲೋಡ್) ಸಾಕಾ ನೋಡಿಸಿ, ಅರ್ಥಿಂಗ್ ಸರಿ ಮಾಡಿಸಿ. ಅರ್ಥಿಂಗ್ ಕೆಟ್ಟಿದ್ದರೆ ಚಾರ್ಜರ್ ಕೆಲಸವನ್ನೇ ಮಾಡದೆ ಹೋಗಬಹುದು.

ಇಂಥ ಪುಟ್ಟ ಎಲೆಕ್ಟ್ರಿಕ್ ಕಾರು ನಮ್ಮ ರಾಜ್ಯಕ್ಕೆ ಹೊಸದೇನಲ್ಲ ಅನ್ನುವುದು ನನಗೆ ಹೆಮ್ಮೆ. 2001ರಲ್ಲೇ ಬೆಂಗಳೂರಿನಲ್ಲಿ ರೇವಾ ಮಾರಾಟಕ್ಕೆ ಬಂದಿತ್ತು, ಲಂಡನ್ನಿನಲ್ಲಿ ಜಿ-ವಿಜ್ ಹೆಸರಿನಲ್ಲಿ ಓಡಿತು. ಆಗಿದ್ದದ್ದು ಲೆಡ್ ಆಸಿಡ್ ಬ್ಯಾಟರಿ.

ಪ್ರಶ್ನೆ: ಸಿಎನ್‌ಜಿ ಆಲ್ಟೊ ಮೈಲೇಜ್ 33 ಅಂತಾರೆ. ತಗೊಳ್ಳಲಾ?
— ವಿದ್ಯಾರ್ಥಿ, ಭದ್ರಾವತಿ

ಉತ್ತರ: ಭದ್ರಾವತಿ–ಶಿವಮೊಗ್ಗ ದಿನಾ ಓಡಾಟವಾದರೆ ಲೆಕ್ಕ ಕೂಡುತ್ತದೆ. ಘಾಟಿ ಕಡೆ ಜಾಸ್ತಿ ಹೋಗುವವರಿಗೆ ನಾನು ಹೇಳಲ್ಲ. ಸಿಎನ್‌ಜಿಯಲ್ಲಿ ಶಕ್ತಿ ಸುಮಾರು 66 ಅಶ್ವಶಕ್ತಿಯಿಂದ 56ಕ್ಕೆ ಇಳಿಯುತ್ತದೆ, ಸಿಲಿಂಡರ್ ತೂಕ ಬೇರೆ, ಡಿಕ್ಕಿಯೂ ಹೋಯಿತು. ಏರು ಬಂದಾಗ ಪೆಟ್ರೋಲಿಗೆ ಬದಲಿಸಿಕೊಳ್ಳಬಹುದು ಅನ್ನುವುದು ಒಂದು ಅನುಕೂಲ. 33 ಅನ್ನುವುದು ಒಂದು ಕೆಜಿಗೆ, ಅದೂ ಪರೀಕ್ಷೆಯ ಲೆಕ್ಕ.

ಪ್ರಶ್ನೆ: ಕೊಪ್ಪದಲ್ಲಿ ನಮ್ಮ ಪುಟ್ಟ ಕಾರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಂದು ಸಲ ಹೊರಗೆ ಹೋದರೆ ಹೆಚ್ಚು. ಒಳಗೆಲ್ಲ ಬೂಷ್ಟು, ಕಾಲಡಿ ಒದ್ದೆ, ಒಮ್ಮೆ ಇಲಿ ವೈರ್ ಕಡಿದಿತ್ತು. ಏನು ಮಾಡಲಿ?
— ಗೃಹಿಣಿ, ಕೊಪ್ಪ

ಉತ್ತರ: ಕಾಲಡಿ ಒದ್ದೆ ಅಂದಿರಲ್ಲ, ಅಲ್ಲಿಂದ ಶುರು ಮಾಡಿ. ಬಾನೆಟ್ ಎತ್ತಿ, ಮುಂದಿನ ಗಾಜಿನ ಬುಡದಲ್ಲಿ ವೈಪರ್ ಕೆಳಗೆ ಪ್ಲಾಸ್ಟಿಕ್ ಜಾಲರಿ ಇದೆ, ಅದನ್ನು ನೋಡಿ. ಮರದ ಕೆಳಗೆ ನಿಲ್ಲಿಸುವ ಕಾರುಗಳಲ್ಲಿ ಅಲ್ಲಿ ಎಲೆ, ಹೂವು, ಸಣ್ಣ ಕಡ್ಡಿ ಕೊಳೆತು ಕಪ್ಪು ಗೊಬ್ಬರವಾಗಿರುತ್ತದೆ. ಗಾಜಿನಿಂದ ಇಳಿದ ನೀರು ಪಕ್ಕದ ಕಿಂಡಿಯಲ್ಲಿ ಹೊರಗೆ ಹೋಗಬೇಕು. ಕಿಂಡಿ ಕಟ್ಟಿಕೊಂಡರೆ ನೀರು ಅಲ್ಲೇ ನಿಂತು ಎಸಿ ಗಾಳಿಯ ದಾರಿಯಲ್ಲಿ ಒಳಗೆ ಇಳಿಯುತ್ತದೆ. ಕೈ ಹಾಕಿ ಆ ಕಸ ತೆಗೆದು ಒಂದು ಚೊಂಬು ನೀರು ಸುರಿಯಿರಿ, ಚಕ್ರದ ಹಿಂದೆ ಕೆಳಗೆ ಸುರಿದರೆ ಸರಿಯಾಯಿತು. ಬಾಗಿಲುಗಳ ಕೆಳ ಅಂಚಿನಲ್ಲೂ ಇಂಥ ಸಣ್ಣ ತೂತುಗಳಿವೆ, ಕಡ್ಡಿಯಿಂದ ಬಿಡಿಸಿ. ಬಾಗಿಲು ಕೆಳಗಿನಿಂದ ತುಕ್ಕು ಹಿಡಿಯುವುದಕ್ಕೆ ಇದೇ ಕಾರಣ.

ಬೂಷ್ಟಿಗೆ ಮದ್ದು ಓಡಿಸುವುದೇ. ವಾರಕ್ಕೆರಡು ಸಲ ಅರ್ಧ ಗಂಟೆ ಎಸಿ ಹಾಕಿ ಓಡಿಸಿ. ಎಸಿ ಗಾಳಿಯ ತೇವ ತೆಗೆಯುತ್ತದೆ, ಗಾಜು ಮಂಜಾಗುವುದೂ ನಿಲ್ಲುತ್ತದೆ. ಹೊರಗಿನ ಗಾಳಿ ಬರುವ ಕಡೆ ಲಿವರ್ ಇಡಿ, ಒಳಗಿನದೇ ಸುತ್ತುವ ಹಾಗೆ ಇಟ್ಟರೆ ನಿಮ್ಮ ಉಸಿರೇ ಗಾಜಿಗೆ ಕೂರುತ್ತದೆ. ಒದ್ದೆ ಮ್ಯಾಟ್ ತೆಗೆದು ಒಲೆಮನೆ ಬೆಚ್ಚಗಿನಲ್ಲಿ ಒಣಗಿಸಿ.

ಇಲಿಗೆ ಕತ್ತಲೆ, ಬೆಚ್ಚಗಿನ ಜಾಗ ಇಷ್ಟ. ಶೆಡ್ಡಿನಲ್ಲಿ ನಿಲ್ಲಿಸುವಾಗ ರಾತ್ರಿ ಬಾನೆಟ್ ಎತ್ತಿಡಿ. ಕೆಲವರು ಹೊಗೆಸೊಪ್ಪು ಕಟ್ಟಿಡುತ್ತಾರೆ, ವಾಸನೆ ಹೋದಂತೆ ಬದಲಿಸಬೇಕು. ಕಾರಿನಲ್ಲಿ ಅಕ್ಕಿ, ಬಿಸ್ಕತ್ತಿನ ಚೂರು ಇರಬಾರದು.

ದಿನಗಟ್ಟಲೆ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ. ಒದ್ದೆ ಡ್ರಮ್ಮಿಗೆ ಬ್ರೇಕ್ ಶೂ ತುಕ್ಕಿನಲ್ಲಿ ಅಂಟಿಕೊಳ್ಳುತ್ತದೆ. ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ.

ಪ್ರಶ್ನೆ: ಜಪಾನಿನಲ್ಲಿ ಕೇ ಕಾರು ಅಂತ ಇದೆಯಂತಲ್ಲ, ಅದು ನಮ್ಮಲ್ಲಿ ಯಾಕೆ ಬರಲ್ಲ?
— ಪಿಯು ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಒಂದು ರೀತಿಯಲ್ಲಿ ಬಂದಿದೆ ಮಗಳೇ. ಕೇ ಕಾರು ಅಂದರೆ ಜಪಾನಿನ ಕಾನೂನು ಗೆರೆ ಹಾಕಿದ ಅಳತೆ. ಉದ್ದ 3.4 ಮೀಟರ್, ಅಗಲ 1.48 ಮೀಟರ್, ಎಂಜಿನ್ 660 ಸಿಸಿ ಮೀರಬಾರದು. ಅದರೊಳಗಿದ್ದರೆ ತೆರಿಗೆ ಕಮ್ಮಿ, ನಂಬರ್ ಪ್ಲೇಟ್ ಹಳದಿ. ಈ ಪದ್ಧತಿ ಶುರುವಾದದ್ದು 1949ರಲ್ಲಿ. ನಮ್ಮಲ್ಲಿ 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಇದೇ ವಂಶದ್ದು, ಸುಜುಕಿಯ ಕೇ ಕಾರಿಗೆ 796 ಸಿಸಿ ಎಂಜಿನ್ ಕೂರಿಸಿದ್ದು. ಜಪಾನಿನಲ್ಲಿ ಆಗ ಮಿತಿ 550 ಸಿಸಿ ಇತ್ತು. ನಮ್ಮ ತೆರಿಗೆಯ ಗೆರೆ 4 ಮೀಟರ್, ಪೆಟ್ರೋಲ್ ಎಂಜಿನ್ ಆದರೆ 1,200 ಸಿಸಿ. ಗೆರೆ ಅಲ್ಲಿರುವಾಗ 3.4ಕ್ಕೆ ಇಳಿಸಿ ಕಾರು ಮಾಡಿದರೆ ಕಂಪನಿಗೆ ತೆರಿಗೆಯಲ್ಲಿ ಸಿಗುವ ಲಾಭ ಏನೂ ಇಲ್ಲ. ಮಲೆನಾಡಿನ ಹಳ್ಳಿ ರಸ್ತೆಗಳನ್ನು ನೋಡಿದಾಗ ಅಂಥ ಕಾರು ಇಲ್ಲಿ ಇರಬೇಕಿತ್ತು ಅಂತ ನನಗೂ ಅನ್ನಿಸುತ್ತದೆ. ಮೂರು ಮೀಟರ್ ಟಾರು, ಅಂಚಿನಲ್ಲಿ ಅರ್ಧ ಅಡಿ ಕುಸಿತ, ಎದುರಿಗೆ ಬಸ್ಸು, ಒಂದು ಕಡೆ ಧರೆ. ಅಲ್ಲಿ ಕಾರಿನ ಅಗಲ ಒಂದು ಗೇಣು ಕಮ್ಮಿ ಇದ್ದರೆ ಟಾರು ಬಿಡದೆ ಪಕ್ಕಕ್ಕೆ ಸರಿಯಬಹುದು.

ಪ್ರಶ್ನೆ: ಡ್ರೈವಿಂಗ್ ಕಲಿಯಲು ಹಳೇ ಮಾರುತಿ 800 ಅಥವಾ ನ್ಯಾನೋ ನೋಡುತ್ತಿದ್ದೇನೆ. ತಗೊಳ್ಳಬಹುದಾ?
— ಓದುಗರು, ಶಿಕಾರಿಪುರ

ಉತ್ತರ: ಮಾರುತಿ 800 ತಯಾರಿ 2014ರಲ್ಲಿ ನಿಂತಿತು, ನ್ಯಾನೋ 2018ರಲ್ಲಿ. 800ಕ್ಕೆ ಇವತ್ತಿಗೂ ಹಳ್ಳಿ ಮೆಕ್ಯಾನಿಕ್ ಸಾಕು. ನ್ಯಾನೋ ಎಂಜಿನ್ ಹಿಂದಿದೆ, 624 ಸಿಸಿ, ಎರಡೇ ಸಿಲಿಂಡರ್, ಇಕ್ಕಟ್ಟಿನಲ್ಲಿ ತಿರುಗಿಸಲು ಬಹಳ ಸುಲಭ, ಆದರೆ ಅದರ ಕೆಲಸ ಗೊತ್ತಿರುವವರು ಹತ್ತಿರ ಇದ್ದಾರಾ ಮೊದಲು ವಿಚಾರಿಸಿ. ಯಾವುದೇ ಆಗಲಿ ಮ್ಯಾಟ್ ಎತ್ತಿ ನೆಲದ ತಗಡು ನೋಡಿ, ಮಲೆನಾಡಿನಲ್ಲೇ ಇದ್ದ ಕಾರಾದರೆ ತುಕ್ಕು ಅಲ್ಲೇ ಇರುತ್ತದೆ. ಆರ್‌ಸಿಯಲ್ಲಿ 15 ವರ್ಷ ಯಾವಾಗ ಮುಗಿಯುತ್ತದೆ, ಸಾಲ ತೀರಿದೆಯಾ ನೋಡಿ. ಕಲಿಯುವುದಕ್ಕೆ ಸರಿ. ಏರ್‌ಬ್ಯಾಗ್, ಎಬಿಎಸ್ ಇಲ್ಲದ ಕಾರಿನಲ್ಲಿ ಸಂಸಾರ ಕೂರಿಸಿಕೊಂಡು ಹೈವೇ ಹತ್ತಬೇಡಿ.

ಪ್ರಶ್ನೆ: ಜೋರು ಮಳೆಯಲ್ಲಿ ನಮ್ಮೂರ ಹಳ್ಳದ ಸೇತುವೆ ಮೇಲೆ ನೀರು ಹರಿಯುತ್ತದೆ. ಜೀಪಿನವರು ದಾಟುತ್ತಾರೆ. ಸಣ್ಣ ಕಾರು ದಾಟಬಹುದಾ?
— ಓದುಗರು, ಶೃಂಗೇರಿ

ಉತ್ತರ: ದಾಟಬೇಡಿ. ಹರಿಯುವ ನೀರು ಒಂದಡಿ ಇದ್ದರೂ ಇಷ್ಟು ಹಗುರದ ಕಾರನ್ನು ಎತ್ತಿ ಪಕ್ಕಕ್ಕೆ ಸರಿಸಬಲ್ಲದು, ಸೇತುವೆಯ ಅಂಚು ಕೆಂಪು ನೀರಿನಲ್ಲಿ ಕಾಣುವುದೂ ಇಲ್ಲ. ಜೀಪಿನವರು ದಾಟಿದರು ಅನ್ನುವುದು ನಿಮ್ಮ ಕಾರಿಗೆ ಲೆಕ್ಕಕ್ಕಿಲ್ಲ. ನಿಂತ ನೀರಾದರೆ ಅರ್ಧ ಚಕ್ರದ ಒಳಗಿದ್ದಾಗ ಮಾತ್ರ, ಮೊದಲನೇ ಗೇರಿನಲ್ಲಿ, ನಿಲ್ಲಿಸದೆ ಹೋಗಿ. ದಾಟಿದ ಮೇಲೆ ಬ್ರೇಕನ್ನು ಮೆಲ್ಲಗೆ ಎರಡು ಮೂರು ಸಲ ಒತ್ತಿ ಒಣಗಿಸಿ. ಮಧ್ಯೆ ಎಂಜಿನ್ ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ. ಒಳಗೆ ನೀರು ಸೇರಿದ್ದರೆ ಕನೆಕ್ಟಿಂಗ್ ರಾಡ್ ಬಾಗಿಹೋಗುತ್ತದೆ, ಎಂಜಿನ್ನೇ ಬಿಚ್ಚಬೇಕಾಗುತ್ತದೆ. ಸುಮ್ಮನೆ ತಳ್ಳಿಸಿ ಆಚೆ ತಂದು, ಟೋ ಮಾಡಿಸಿ. ಮಾಮೂಲಿ ವಿಮೆ ಈ ಖರ್ಚು ಕೊಡದೆ ಇರಬಹುದು, ಎಂಜಿನ್ ಪ್ರೊಟೆಕ್ಟ್ ಅಂತ ಬೇರೆಯೇ ಒಂದು ಸೇರ್ಪಡೆ ಇರುತ್ತದೆ. ಮುಂದಿನ ಸಲ ಪಾಲಿಸಿ ನವೀಕರಿಸುವಾಗ ಅದನ್ನು ಕೇಳಿ ಹಾಕಿಸಿಕೊಳ್ಳಿ.